ಕಾಲರಿನ ವಾಸನೆ

ಅಪ್ಪನಿಗೆ ಕೊನೆಯದಾಗಿ ತೊಡಿಸಲು ಒಳ್ಳೆಯದೊಂದು ಶರ್ಟ್ ಹುಡುಕುತ್ತಾ ಮಗಳು ಬೀರುವಿನ ಕೆಳಗಿನ ಖಾನೆಗೆ ಕೈ ಹಾಕಿದರೆ, ಸಿಕ್ಕಿದ್ದು ಬ್ರಾಂದಿ ಬಾಟಲಿ. ಪಕ್ಕದಲ್ಲಿ ಒಂದು ಉಂಡೆ ಹತ್ತಿ.

"ಸಿಕ್ತಾ? ಅದೊಂದು ಬಾಕಿ ಇತ್ತು," ಎಂದರು ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ. ತಮ್ಮ ಸತ್ತ ದಿನವೂ ಅವರ ನಾಲಿಗೆಗೆ ರಜೆಯಿಲ್ಲ. "ಕುಡಿದೂ ಕುಡಿದೂ ಕೈ ನಡುಗಿಸ್ಕೊಂಡ, ಹಲ್ಲು ಉದುರಿಸ್ಕೊಂಡ."

ಮಗಳು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎರಡು ಬೆರಳಿನಷ್ಟು ಮಾತ್ರ ಖಾಲಿಯಾಗಿತ್ತು. ಲೇಬಲ್ಲಿನ ತಾರೀಖು ಐದು ವರ್ಷ ಹಿಂದಿನದು. ಕುಡುಕನ ಮನೆಯಲ್ಲಿ ಬಾಟಲಿ ಐದು ವರ್ಷ ಬಾಳುತ್ತದೆಯೇ? ಹತ್ತಿಯನ್ನು ಮೂಸಿದಳು. ಅಪ್ಪನ ಕಾಲರಿನದೇ ವಾಸನೆ.

*

ಕೆಲವು ತಿಂಗಳ ಹಿಂದಿನ ಮಾತು. ಅವಳಿಗೆ ಹೆರಿಗೆಯಾಗಿ ತಿಂಗಳು ತುಂಬಿತ್ತು. ಅಪ್ಪ ಥರ್ಮಾಮೀಟರ್ ಕಾರ್ಖಾನೆಯಿಂದ ಬಂದವನೇ ಮಂಚದ ಬಳಿ ನಿಂತು ಎರಡೂ ಕೈ ಚಾಚಿದ್ದ. ಕೈಗಳು ನಡುಗುತ್ತಿದ್ದವು.

"ಒಂದ್ಸಲ ಕೊಡೇ, ಪುಟ್ಟಿ."

"ಕುಡಿದ ಕೈಗೆ ನನ್ನ ಮಗು ಕೊಡಲ್ಲ."

ಉಪ್ಪು ಕಮ್ಮಿಯಾದರೂ ಮನೆ ಹಾರಿಹೋಗುವಂತೆ ಕೂಗಾಡುವ ಅಪ್ಪ ಅಂದು ಕೈಗಳನ್ನು ಜೇಬಿಗಿಳಿಸಿ ಹೊರಗೆ ಹೋದ. ಆಮೇಲೆ ಎಂದೂ ಮಗುವನ್ನು ಕೇಳಲಿಲ್ಲ.

*

ಮಗಳು ಬಾಟಲಿ ಹಿಡಿದೇ ಹಜಾರಕ್ಕೆ ಬಂದಳು. ಬೆಂಚಿನ ಮೇಲೆ ಕಾರ್ಖಾನೆಯ ಮೂವರು ಕೂತಿದ್ದರು. ಪಕ್ಕದ ಮನೆಯಿಂದ ಬಂದ ಚಹಾ ಆರುತ್ತಿತ್ತು. ಕೊನೆಗೆ ಅವರಲ್ಲೊಬ್ಬರಾದ ಮೇಸ್ತ್ರಿ ಲೋಟ ಎತ್ತಿದರು. ಅರ್ಧ ಚಹಾ ಮೊಣಕಾಲಿನ ಮೇಲೆ ಚೆಲ್ಲಿತು. ಮಗಳು ಉಳಿದಿಬ್ಬರ ಕೈ ನೋಡಿದಳು. ಅವೂ ನಡುಗುತ್ತಿದ್ದವು.

"ನೀವೆಲ್ಲ ಕುಡೀತೀರಾ ಮಾಮ?"

"ಚಹಾನೇ ಬಾಯಿ ತನಕ ಬರ್ತಿಲ್ಲ, ಇನ್ನು ಅದೆಲ್ಲಿ ಬರುತ್ತೆ!" ಎಂದು ನಕ್ಕ ಮೇಸ್ತ್ರಿಗೆ ಅವಳ ಕೈಯಲ್ಲಿದ್ದ ಬಾಟಲಿ ಕಂಡಿತು. "ಇನ್ನೂ ಇದ್ಯಾ ಇದು? ನಾನೇ ತಂದ್ಕೊಟ್ಟಿದ್ದು."

"ಅಪ್ಪಂಗೆ ಏನಾಗಿತ್ತು?"

"ಪಾದರಸ ಕಣಮ್ಮ. ಇಪ್ಪತ್ತು ವರ್ಷ ಮುಚ್ಚಿದ ರೂಮಲ್ಲಿ ಅದರ ಆವಿ ಎಳ್ಕೊಂಡಿದ್ದೀವಿ. ಮೊದಲು ನಿದ್ದೆ ಹೋಗುತ್ತೆ. ಒಸಡಲ್ಲಿ ರಕ್ತ, ಸುಮ್ಮಸುಮ್ಮನೆ ಸಿಟ್ಟು. ಆಮೇಲೆ ಕೈ."

"ಮತ್ತೆ ಈ ಬಾಟಲಿ?"

"ಪಾದರಸದ ನಡುಕ ಅಂತ ಗೊತ್ತಾದ್ರೆ ಅವತ್ತೇ ಗೇಟಿನಾಚೆ. ಕುಡುಕನಾದ್ರೆ ಬೈದು ಇಟ್ಕೋತಾರೆ. ಅದಕ್ಕೇ ದಿನಾ ಕಾಲರಿಗೆ ಒಂದ್ಹನಿ ಒರೆಸ್ಕೊಂಡು ಬರ್ತಿದ್ದ. ಮೊದಲು ನಿನ್ನ ಓದು ಅಂದ, ಆಮೇಲೆ ಮದುವೆ ಅಂದ. ಮನೇಲಾದ್ರೂ ಹೇಳೋ ಅಂದ್ರೆ, ಮಗಳಿಗೆ ಗೊತ್ತಾದ್ರೆ ಕೆಲಸಕ್ಕೆ ಬಿಡಲ್ಲ ಅಂದ. ಗಂಟಲಿಗೆ ಒಂದ್ಹನಿ ಇಳಿಸಿದವನಲ್ಲ."

"ನಂಗೂ ಹೇಳ್ಲಿಲ್ವಲ್ಲ," ಎಂದು ಅಮ್ಮ ಗೋಡೆ ಹಿಡಿದು ಕೂತಳು. ದೊಡ್ಡಪ್ಪ ಮಗಳ ಕೈಯಿಂದ ಬಾಟಲಿ ತೆಗೆದುಕೊಂಡು ಬದಿಗಿಟ್ಟರು.

ಮಗಳು ತಾನಾಡಿದ ಆ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ಅಪ್ಪ ಇರಲಿಲ್ಲ. ಒಳಗೆ ಮಗು ಎದ್ದು ಅಳತೊಡಗಿತ್ತು. ಅವಳು ಹೋಗಿ ಎತ್ತಿಕೊಂಡು ಬಂದು ಮೇಸ್ತ್ರಿಯ ಮುಂದೆ ನಿಂತಳು.

"ತಗೊಳ್ಳಿ ಮಾಮ."

"ಬೇಡಮ್ಮ, ಕೈ ನೋಡು."

"ನೋಡಿದೀನಿ. ತಗೊಳ್ಳಿ."

ಮೇಸ್ತ್ರಿ ಬೆನ್ನನ್ನು ಗೋಡೆಗೆ ಒತ್ತಿ ಕೂತು ಮಗುವನ್ನು ಮಡಿಲಿಗೆ ತೆಗೆದುಕೊಂಡರು. ಅದರ ಬೆನ್ನ ಕೆಳಗೆ ಎರಡೂ ಕೈಗಳು ನಡುಗುತ್ತಲೇ ಇದ್ದವು. ಯಾರೋ ತೂಗುತ್ತಿದ್ದಾರೆ ಅಂದುಕೊಂಡಿತೋ ಏನೋ, ಮಗು ಅಳು ನಿಲ್ಲಿಸಿ ಮೆಲ್ಲಗೆ ಕಣ್ಣು ಮುಚ್ಚಿತು.