ಚಿಕ್ಕಣ್ಣನ ಟಗರು

ಕುರಿ ಒಂದು ಸಲ ಕೆಮ್ಮಿದರೂ ಸಾಕು, ಚಿಕ್ಕಣ್ಣ ಅಂದೇ ಅದನ್ನು ಗಂಡಸಿ ಊರಿನ ದನದ ಆಸ್ಪತ್ರೆಗೆ ಎಳೆದೊಯ್ಯುವ ಆಸಾಮಿ. ಅಂಥವನು ತನ್ನದೇ ಒಂದು ಬೀಜ ಊದಿಕೊಂಡಿದ್ದನ್ನು ಯುಗಾದಿಯಿಂದ ಪಂಚೆಯೊಳಗೆ ಮುಚ್ಚಿಟ್ಟುಕೊಂಡು ತಿರುಗುತ್ತಿದ್ದ. ಹೆಂಡತಿ ಮಾದಮ್ಮ ಕೇಳಿದಾಗ ತೆಂಗಿನ ಮರ ಹತ್ತುವಾಗ ತಗುಲಿತು ಅಂತ ಸುಳ್ಳು ಹೇಳಿದ. ನೋವಿಲ್ಲವಲ್ಲ, ತಾನೇ ಇಳಿಯುತ್ತದೆ ಅಂದುಕೊಂಡ. ಇಳಿಯಲಿಲ್ಲ, ಬೆಳೆಯಿತು.

ದಸರಾ ಕಳೆದ ಮೇಲೆ ಹೆದರಿಕೆ ಹತ್ತಿತು. ಗೊತ್ತಿದ್ದ ಡಾಕ್ಟರೆಂದರೆ ದನದ ಡಾಕ್ಟರು ತಮ್ಮಯ್ಯನವರೊಬ್ಬರೇ. ಅವರ ಮುಂದೆ ಹೋಗಿ ನಿಂತರೂ ನೇರ ಹೇಳಲು ನಾಲಿಗೆ ಬರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ.

"ಸಾ, ನಮ್ ಟಗರಿಗೆ ಬೀಜ ಊದ್ಕಂಡೈತೆ."

ತಮ್ಮಯ್ಯನವರು ಚೀಟಿ ಬರೆಯುತ್ತಲೇ ಕೇಳಿದರು. "ಗುದ್ದಾಟದಲ್ಲಿ ಏಟು ಬಿತ್ತಾ?"

"ಇಲ್ಲ ಸಾ."

"ಜ್ವರ, ನೋವು? ಸೋಂಕಾಗಿದ್ರೆ ಮುಟ್ಟೋಕೂ ಬಿಡಲ್ಲ."

"ಅದೂ ಇಲ್ಲ."

"ನೀರು ತುಂಬ್ಕೊಂಡಂಗೆ ಮೆತ್ತಗಿದೆಯಾ?"

"ಕಲ್ಲಿದ್ದಂಗೈತೆ."

"ಹಾಗಾದ್ರೆ ಗಡ್ಡೆ ಇರಬೇಕು. ಒಳಗೊಳಗೇ ಹಬ್ಬುತ್ತೆ. ಔಷಧಿ ನಾಟಲ್ಲ, ಕಟುಕರಿಗೆ ಕೊಟ್ಬಿಡಿ. ವಯಸ್ಸೆಷ್ಟು?"

ಚಿಕ್ಕಣ್ಣನ ಕಿವಿಯಲ್ಲಿ ಕಟುಕರೆಂಬ ಮಾತೊಂದೇ ಗುಂಯ್ ಅನ್ನುತ್ತಿತ್ತು.

"ಮೂವತ್ತಾರು ಸಾ," ಅಂದ.

ಪೆನ್ನು ನಿಂತಿತು. ಮೂವತ್ತಾರು ವರ್ಷ ಬದುಕಿದ ಟಗರನ್ನು ಯಾರು ಕಂಡಿದ್ದಾರೆ? ತಮ್ಮಯ್ಯನವರು ತಲೆಯೆತ್ತಿ ಅವನ ಬಿಳಿಚಿದ ಮುಖ ನೋಡಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಯಾವಾಗಿಂದ ಚಿಕ್ಕಣ್ಣ?"

"ಯುಗಾದಿಯಿಂದ."

"ಕುರಿ ಕೆಮ್ಮಿದ್ರೆ ಅವತ್ತೇ ಓಡಿ ಬರ್ತೀರಿ! ನಾಚಿಕೆಗೆ ಜೀವ ಕೊಡ್ತೀರೇನ್ರೀ?" ಎಂದು ಬೈದು, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅರಸೀಕೆರೆಗೆ, ಮನುಷ್ಯರ ಡಾಕ್ಟರ ಹತ್ತಿರ ಕರೆದೊಯ್ದರು.

ಅಲ್ಲಿ ಡಾಕ್ಟರು ಕಿಟಕಿ ಮುಚ್ಚಿ, ಊದಿದ ಜಾಗಕ್ಕೆ ಟಾರ್ಚ್ ಹಿಡಿದರು. ಬರೀ ನೀರಾಗಿದ್ದರೆ ಬೆಳಕು ಕೆಂಪಗೆ ಹಾಯಬೇಕಿತ್ತಂತೆ. ಹಾಯಲಿಲ್ಲ.

"ಸ್ಕ್ಯಾನು, ರಕ್ತ ಪರೀಕ್ಷೆ ಬೇಗ ಆಗಬೇಕು. ಕ್ಯಾನ್ಸರ್ ಗಡ್ಡೆ ಅಂತ ಅನುಮಾನ ಇದೆ. ಹೌದಾದ್ರೆ ಆ ಒಂದನ್ನ ತೆಗೆದು ಚಿಕಿತ್ಸೆ ಕೊಡ್ತೀವಿ. ಬಹಳ ಜನ ವಾಸಿ ಆಗಿದ್ದಾರೆ ಕಣ್ರೀ. ಬಂದಿರಲ್ಲ, ಒಳ್ಳೇದಾಯ್ತು."

ಚಿಕ್ಕಣ್ಣನಿಗೆ ಎಷ್ಟು ಕೇಳಿಸಿತೋ. ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ತಮ್ಮಯ್ಯನವರ ಕಡೆ ತಿರುಗಿದ.

"ಅಂಗಾರೆ ನನ್ನ ಕಟುಕರಿಗೆ ಕೊಡಂಗಿಲ್ವಾ ಸಾ?"