ಶಾಲೆಯ ಲ್ಯಾಪ್‌ಟಾಪಿನಲ್ಲಿದ್ದ ಪತ್ರ

ನಮ್ಮ ಶಾಲೆಗೆ ಲ್ಯಾಪ್‌ಟಾಪ್ ಬಂದ ದಿನವೇ ನನ್ನ ಹಣೆಬರಹ ಕೆಟ್ಟಿತು. ಮನೋಳಿಯ ಆಚೆಗಿನ ಹಳ್ಳಿಯ ಪ್ರೌಢಶಾಲೆ ಅದು. ನಾನು ಗಣಿತ ಕಲಿಸಲು ಹೋದವಳು. ಆದರೆ ಅಲ್ಲಿ ಕಂಪ್ಯೂಟರ್ ಗೊತ್ತಿದ್ದದ್ದು ನನಗೊಬ್ಬಳಿಗೇ. ಹೀಗಾಗಿ ಯಾದಿ, ವರದಿ, ಪತ್ರ ಎಲ್ಲವೂ ನನ್ನ ತಲೆಗೇ ಬಂದವು. ಬೈಲಹೊಂಗಲದ ಮನೆಯಿಂದ ಸವದತ್ತಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಹೋಗಲು ಎರಡು ತಾಸು, ಬರಲು ಎರಡು ತಾಸು, ಹೀಗೆ ಹನ್ನೊಂದು ವರ್ಷ. ಸೊಂಟ ಕೈಕೊಟ್ಟಿತ್ತು. 2008ರ ಜೂನ್‌ನಲ್ಲಿ ಬೈಲಹೊಂಗಲದಲ್ಲೇ ಒಂದು ಗಣಿತದ ಹುದ್ದೆ ಖಾಲಿಯಾಯಿತು. ವರ್ಗಾವಣೆಗೆ ಅರ್ಜಿ ಹಾಕಿದೆ. ಈ ಸಲ ಸಿಗದಿದ್ದರೆ ನೌಕರಿಯನ್ನೇ ಬಿಡಬೇಕು ಅನ್ನುವಷ್ಟು ದಣಿದಿದ್ದೆ.

ವಾರದೊಳಗೆ ಒಂದು ಸಂಜೆ ಹೆಡ್‌ಮಾಸ್ತರು ಅಮೋಘಸಿದ್ದಪ್ಪನವರು ಲ್ಯಾಪ್‌ಟಾಪಿನ ಚೀಲವನ್ನು ನನ್ನ ಕೈಗಿತ್ತರು.

“ಮೇಡಮ್ಮಾರ, ಇದರಾಗ ಹೊಸಾ ಮಕ್ಕಳ ಯಾದಿ ಐತ್ರಿ. ಒಂದೆರಡು ಪತ್ರಾನೂ ಅದಾವು. ಎಲ್ಲಾ ಪ್ರಿಂಟ್ ತಗೊಂಡ ಬರ್ರಿ, ನಾಳೆ ಶಿಕ್ಷಣ ಇಲಾಖೆ ಆಫೀಸಿಗೆ ಮುಟ್ಟಿಸಬೇಕು.”

“ಪೆನ್‌ಡ್ರೈವಿಗೆ ಹಾಕಿ ಕೊಡ್ರಲ್ಲ ಸರ್.”

“ವೈರಸ್ ಬರತೈತಿ ಅಂತ ನೀವ ಬ್ಯಾಡಂದಿದ್ರಿ.”

ಸುಳ್ಳಲ್ಲ, ನಾನೇ ಹೇಳಿದ್ದೆ.

ಮನೆಯಲ್ಲಿ ಮಗಳು ಸಪ್ನಾಳ ಕಂಪ್ಯೂಟರಿಗೆ ಪ್ರಿಂಟರ್ ಇದೆ. ಅದನ್ನು ಲ್ಯಾಪ್‌ಟಾಪಿಗೇ ಹಚ್ಚೋಣವೆಂದರೆ ಪ್ರಿಂಟರಿನ ಸಾಫ್ಟ್‌ವೇರ್ ಇದ್ದ ಸಿ.ಡಿ. ಯಾವಾಗಲೋ ಕಳೆದಿದೆ. ಉಳಿದ ದಾರಿ, ಲ್ಯಾಪ್‌ಟಾಪನ್ನೂ ಸಪ್ನಾಳ ಕಂಪ್ಯೂಟರನ್ನೂ ಕೇಬಲ್ಲಿನಿಂದ ಜೋಡಿಸುವುದು. ಇಂಟರ್ನೆಟ್ಟಿನ ಮೋಡೆಮ್ಮಿಗೆ ಎರಡನ್ನೂ ಜೋಡಿಸಿದೆ. ಹಸಿರು ದೀಪ ಹತ್ತಿತು, ಆದರೆ ಒಂದಕ್ಕೊಂದು ಕಾಣಲೊಲ್ಲವು. ಎರಡಕ್ಕೂ ಒಂದೇ ಗುಂಪಿನ ಹೆಸರು ಕೊಟ್ಟು, ಬಂದ್ ಮಾಡಿ ಚಾಲೂ ಮಾಡಿದೆ. ಈಗ ಲ್ಯಾಪ್‌ಟಾಪ್ ಕಂಡಿತು, ಆದರೆ ಒಳಗೆ ಬಿಡಲಿಲ್ಲ. ನಮ್ಮವರು ಮಹಾದೇವ ಚಹಾ ತಂದಿಟ್ಟರು, ಅದೂ ಆರಿತು. ಫೋಲ್ಡರಿಗೆ ಹಂಚಿಕೆಯ ಅನುಮತಿ ಕೊಟ್ಟ ಮೇಲೆ ಶಾಲೆಯ ಫೈಲುಗಳೆಲ್ಲ ಸಪ್ನಾಳ ಪರದೆಯ ಮೇಲೆ ಬಂದವು. ಯಾದಿ ಮುದ್ರಿಸಿ, ಮೊದಲ ಪತ್ರ ತೆರೆದೆ.

‘ಶ್ರೀಮತಿ ಶೈಲಜಾ ಅವರು ನಮ್ಮ ಶಾಲೆಯ ಬೆನ್ನೆಲುಬಾಗಿದ್ದು, ಅವರಷ್ಟು ಪ್ರಾಮಾಣಿಕ ಶಿಕ್ಷಕರು ವಿರಳ. ಸದರಿಯವರನ್ನು ಬಿಡುಗಡೆ ಮಾಡಿದಲ್ಲಿ ಶಾಲೆಯ ಕೆಲಸ ಸ್ಥಗಿತಗೊಳ್ಳುವುದರಿಂದ ಅವರ ವರ್ಗಾವಣೆಯ ಕೋರಿಕೆಯನ್ನು ತಿರಸ್ಕರಿಸಲು ವಿನಂತಿ.’

ಮೊದಲ ಸಾಲಿಗೆ ಕಣ್ಣು ತುಂಬಿ ಬಂತು, ಹೇಳಲು ನಾಚಿಕೆ. ಹನ್ನೊಂದು ವರ್ಷದಲ್ಲಿ ಯಾರೂ ನನ್ನನ್ನು ಇಷ್ಟು ಹೊಗಳಿರಲಿಲ್ಲ. ಎರಡನೆಯ ಸಾಲಿಗೆ ಮೈ ಉರಿಯಿತು. ಅವರಿಗೆ ಕನ್ನಡ ಟೈಪಿಂಗ್ ಕಲಿಸಿದವಳೂ ನಾನೇ! ನನ್ನಿಂದ ಮುಚ್ಚಿಡಬೇಕಾದ ಪತ್ರವನ್ನೂ ಪ್ರಿಂಟಿಗೆ ನನಗೇ ಕೊಟ್ಟಿದ್ದರು. ರೂಢಿಬಲ, ಅಷ್ಟೇ.

ನಮ್ಮವರು ಬೆನ್ನ ಹಿಂದೆ ನಿಂತು ಓದಿದರು. “ಅಳಿಸಿ ಒಗಿ. ಕಂಪ್ಯೂಟರ್ ಜೋಡಣಿ ಆಗಲಿಲ್ಲ ಅನ್ನು. ಯಾರ್ ನೋಡ್ತಾರ?”

“ಅಳಿಸಿದ್ರ ಮತ್ತ ಬರಸ್ತಾರ. ಬರ್ಯಾಕ ನನ್ನ ಕುಂದರಸ್ತಾರ.”

ಪತ್ರದಲ್ಲಿ ಮೂರು ತಪ್ಪುಗಳಿದ್ದವು. ಕೈ ಸುಮ್ಮನಿರಲಿಲ್ಲ. ತಿದ್ದಿ ಮುದ್ರಿಸಿದೆ.

ಮರುದಿನ ಯಾದಿಯ ಮೇಲೆ ಪತ್ರವನ್ನಿಟ್ಟು ಹೆಡ್‌ಮಾಸ್ತರ ಮುಂದೆ ಸರಿಸಿದೆ. ಅವರು ಚಷ್ಮಾ ಏರಿಸಿ ನೋಡಿದರು. ಮುಖ ಇಳಿದುಹೋಯಿತು.

“ಓದಿದ್ರೇನ್ರಿ?”

“ಓದೇನ್ರಿ. ತಪ್ಪಿದ್ದೂವು, ತಿದ್ದೇನ್ರಿ.”

“ಸಿಟ್ಟಾಗಬ್ಯಾಡ್ರಿ ಮೇಡಮ್ಮಾರ. ನೀವಿಲ್ಲಂದ್ರ ಸಾಲಿ ನಡ್ಯಾಂಗಿಲ್ರಿ.”

“ನನಗ ಸಾಕಾಗೇತ್ರಿ ಸರ್. ಬಸ್ಸಿನ್ಯಾಗ ಕುಂದರಾಕ ಆಗವಲ್ದು.”

ಅವರು ಪೆನ್ನಿನ ಟೊಪ್ಪಿಗೆ ತೆಗೆದರು, ಮತ್ತೆ ಹಾಕಿದರು. ಹರಿದು ಹಾಕುತ್ತಾರೆಂದು ನಾನು ಆಸೆಯಿಂದಲೇ ನಿಂತಿದ್ದೆ. ಅವರು ಸಹಿ ಮಾಡಿದರು. ಆಮೇಲೆ ಎಂದಿನಂತೆ ಸೀಲು ಮತ್ತು ಶಾಯಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದರು.

“ಇದನ್ನೊಂದು ಹಾಕಿಬಿಡ್ರಿ. ನಾ ಹಾಕಿದ್ರ ಸೊಟ್ಟ ಬೀಳತೈತಿ.”

ನಾನು ಕೈ ಮುಂದೆ ಚಾಚಲಿಲ್ಲ.

“ಸೊಟ್ಟನ ಬೀಳಲಿ ಬಿಡ್ರಿ ಸರ್,” ಎಂದು ಸೀಮೆಸುಣ್ಣ ತೆಗೆದುಕೊಂಡು ತರಗತಿಗೆ ಹೋದೆ.