ಪಾಚಿಯ ಎಂಟು ವಾರ

ನನ್ನ ತಮ್ಮ ಹಲ್ಲಿನ ಡಾಕ್ಟರ್. ಕೊಳೆ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ನಾನು ತೊಟ್ಟಿಯಲ್ಲಿ ಸಾಕುವ ಮೀನು ಮಾರುವ ಅಂಗಡಿಯವಳು, ಕೊಳೆಯ ಜೊತೆಗೇ ಸಂಸಾರ ಮಾಡಿದವಳು. ಇಬ್ಬರಿಗೂ ದಾರಿ ತೋರಿಸಿದ್ದು ಅಪ್ಪನೇ. ಅವನನ್ನು ಕಾಲೇಜಿಗೆ ಕಳಿಸಿದ, ನನ್ನನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿದ. ಅದಕ್ಕೆ ನನಗೇನೂ ಹೊಟ್ಟೆಕಿಚ್ಚಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಸುಳ್ಳು.

ಅಪ್ಪ ಹೋದಮೇಲೆ ಅಂಗಡಿಯ ಮೆಟ್ಟಿಲು ಹತ್ತದವನು ಒಂದು ಮಧ್ಯಾಹ್ನ ಬಂದು ನಿಂತ.

"ಅಕ್ಕಾ, ಹೊಸ ಕ್ಲಿನಿಕ್ ಮಾಡ್ತಿದ್ದೀನಿ. ಜನ ಕಾಯೋ ಕಡೆ ಒಂದು ಸಮುದ್ರದ ತೊಟ್ಟಿ ಬೇಕು. ಹವಳ ಎಲ್ಲ ಇರೋವಂಥದ್ದು. ನೀನೇ ಮಾಡ್ಕೊಡು."

ಅಕ್ಕಾ ಎಂಬ ಒಂದು ಮಾತಿಗೆ ಕರಗಿಹೋದೆ. ಮಾರನೆಯ ದಿನವೇ ಗಾಜು, ಪಂಪು, ಮರಳು, ಕಲ್ಲು ಹೊತ್ತುಕೊಂಡು ಹೋದೆ.

ಉಪ್ಪುನೀರಿನ ಹೊಸ ತೊಟ್ಟಿಗೆ ಒಂದು ಕೆಟ್ಟ ಕಾಲ ಬಂದೇ ಬರುತ್ತದೆ. ಮೊದಲು ಮರಳಿನ ಮೇಲೆ ಕಂದು ಧೂಳು, ಆಮೇಲೆ ಕಲ್ಲಿನ ತುಂಬ ಕೂದಲಿನಂಥ ಹಸಿರು ಪಾಚಿ. ನೋಡಿದವರು ಮೂಗು ಮುರಿಯುತ್ತಾರೆ. ಆದರೆ ಅದೇ ಹೊತ್ತಿಗೆ ಕಲ್ಲಿನ ಸಂದುಗಳಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ಮನೆ ಮಾಡುತ್ತಿರುತ್ತವೆ. ಮೀನಿನ ಹೊಲಸಿನ ವಿಷವನ್ನು ಅರಗಿಸುವವು ಅವೇ. ಅವು ನೆಲೆಯೂರುವ ತನಕ ದೀಪ ಕಡಿಮೆ ಉರಿಸಬೇಕು, ನಲ್ಲಿ ನೀರು ಸೋಕಿಸದೆ ಶುದ್ಧಮಾಡಿದ ನೀರನ್ನೇ ಹಾಕಬೇಕು, ಪಾಚಿಯನ್ನು ಬೆರಳಿನಿಂದ ಚೂರು ಚೂರೇ ಕೀಳಬೇಕು, ಉಳಿದದ್ದನ್ನು ಬಸವನಹುಳುಗಳಿಗೆ ಬಿಟ್ಟುಬಿಡಬೇಕು. ಎಂಟು ವಾರ. ಇಷ್ಟನ್ನೂ ತಮ್ಮನಿಗೆ ಗಿಣಿಗೆ ಹೇಳಿದ ಹಾಗೆ ಹೇಳಿದ್ದೆ. ಕಲ್ಲು ಮುಟ್ಟಬೇಡ ಎಂದು ಚೀಟಿ ಬರೆದು ಮುಚ್ಚಳಕ್ಕೂ ಅಂಟಿಸಿದ್ದೆ.

ಆರನೇ ವಾರ ಫೋನ್ ಬಂತು.

"ಅಕ್ಕಾ, ಭಾನುವಾರ ಓಪನಿಂಗ್. ತೊಟ್ಟಿಯಲ್ಲಿ ಹುಲ್ಲು ಬೆಳೆದು ನಿಂತಿದೆ, ಒಂದು ಮೀನಿಲ್ಲ. ಜನ ಏನಂತಾರೆ?"

"ಪಾಚಿ ನೋಡಿ ಯಾರೂ ಹಲ್ಲು ಕೀಳಿಸ್ಕೊಳ್ಳದೆ ವಾಪಸ್ ಹೋಗಲ್ಲ ಕಣೋ. ಇನ್ನೆರಡು ವಾರ ತಡ್ಕೋ."

"ಅಪ್ಪನ ಜೋಡಿ ಇದೆಯಲ್ಲ, ಅದನ್ನಾದ್ರೂ ತಂದು ಬಿಡು. ಅಪ್ಪ ಇದ್ದಿದ್ರೆ ಇಲ್ಲ ಅಂತಿದ್ನಾ?"

ಅಪ್ಪನ ಜೋಡಿ ಎಂದರೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು. ಹದಿನಾಲ್ಕು ವರ್ಷದವು. ದೊಡ್ಡದು ಹೆಣ್ಣು, ಅದನ್ನು ಅಪ್ಪ ಯಜಮಾನಿ ಎಂದೇ ಕರೆಯುತ್ತಿದ್ದ. ಅಪ್ಪ ಸತ್ತ ವಾರವಿಡೀ ಅದು ನಾನು ಹಾಕಿದ್ದನ್ನು ಮೂಸಿಯೂ ನೋಡಲಿಲ್ಲ. ಎಂಟನೇ ದಿನ ಬಂದು ನನ್ನ ಬೆರಳು ಕಚ್ಚಿತು. ಅಪ್ಪನಿಗೂ ಹಾಗೇ ಕಚ್ಚುತ್ತಿತ್ತು. ಆವತ್ತು ತೊಟ್ಟಿಯ ಮುಂದೆ ನಿಂತು ಅತ್ತುಬಿಟ್ಟೆ.

ಆರು ವಾರದ ನೀರಿಗೆ ಅವನ್ನು ಬಿಡಬಾರದೆಂದು ನನಗೆ ಗೊತ್ತಿತ್ತು. ಎರಡೇ ಮೀನಲ್ಲವೇ, ತಡೆದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಶುಕ್ರವಾರ ಬಿಟ್ಟೆ. ತಡೆಯಿತು ಕೂಡ. ಶನಿವಾರ ಸಂಜೆ ಹೋಗಿ ನೋಡಿದರೆ ಯಜಮಾನಿ ಪಾಚಿಯ ಕೂದಲೊಳಗೆ ಹೊಕ್ಕು ಹಾಯಾಗಿ ಮೈ ಉಜ್ಜಿಕೊಳ್ಳುತ್ತಿದ್ದಳು.

ಭಾನುವಾರ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ದಾಟುತ್ತಲೇ ಪುದೀನದ ವಾಸನೆ ಹೊಡೆಯಿತು. ತೊಟ್ಟಿಯ ಹತ್ತಿರ ಹೋದಂತೆ ವಾಸನೆ ಜಾಸ್ತಿಯಾಯಿತು. ಕಲ್ಲುಗಳು ಬೆಳ್ಳಗೆ ಹೊಳೆಯುತ್ತಿದ್ದವು, ಒಂದೆಳೆ ಪಾಚಿ ಇಲ್ಲ. ಬಸವನಹುಳುಗಳೆಲ್ಲ ಮರಳಿನ ಮೇಲೆ ಮಗುಚಿ ಬಿದ್ದಿದ್ದವು. ಅಪ್ಪನ ಜೋಡಿ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು.

"ಏನೋ ಮಾಡ್ದೆ?"

"ನಿನ್ನೆ ನೀನು ಹೋದ್ಮೇಲೆ ಕ್ಲೀನ್ ಮಾಡ್ದೆ," ಎಂದ, ಎದೆಯುಬ್ಬಿಸಿ. "ಬಾಯಿ ಮುಕ್ಕಳಿಸೋಕೆ ಔಷಧಿ ಕೊಡ್ತೀವಲ್ಲ, ಅದನ್ನ ಹಾಕಿ ಒಂದೊಂದೇ ಕಲ್ಲು ತೆಗೆದು ಬ್ರಷ್‌ನಲ್ಲಿ ಉಜ್ಜಿದೆ. ಹಲ್ಲಿಗೆ ಕಟ್ಟೋ ಕೊಳೆಗೂ ಇದಕ್ಕೂ ಏನು ವ್ಯತ್ಯಾಸ? ಒಂದು ಕ್ರಿಮಿ ಉಳಿದಿಲ್ಲ ನೋಡು."

ನಿಜ, ಒಂದೂ ಉಳಿದಿರಲಿಲ್ಲ. ಆರು ವಾರ ನಾನು ಕಾದು ಬೆಳೆಸಿದ್ದನ್ನು ಒಂದು ಸಂಜೆಯಲ್ಲಿ ಕೊಂದು, ಆ ಔಷಧಿ ನೆನೆದ ಕಲ್ಲನ್ನೇ ನೀರಿಗೆ ಇಳಿಸಿದ್ದ.

"ಬಕೆಟ್ ಕೊಡು. ಅಂಗಡಿಗೆ ಎರಡೇ ಬೀದಿ, ಈಗ್ಲೇ ಎತ್ಕೊಂಡು ಹೋಗ್ತೀನಿ."

"ರಿಬ್ಬನ್ ಕಟ್ ಆಗ್ಲಿ ಅಕ್ಕಾ, ಹದಿನೈದು ನಿಮಿಷ. ದೊಡ್ಡ ಡಾಕ್ಟರು ಬರ್ತಿದ್ದಾರೆ. ಎಲ್ಲರ ಮುಂದೆ ಬಕೆಟ್ ಹಿಡ್ಕೊಂಡು ಮರ್ಯಾದೆ ತೆಗೀಬೇಡ."

ಮೊದಲ ಸಾಲಿನ ಕುರ್ಚಿಯಿಂದ ಅಮ್ಮ ನನ್ನನ್ನು ನೋಡಿದಳು. ಆ ನೋಟ ನನಗೆ ಚಿಕ್ಕಂದಿನಿಂದ ಗೊತ್ತು. ದೊಡ್ಡವಳು ನೀನು, ಸುಮ್ಮನಿರು ಎಂದು ಅದರ ಅರ್ಥ. ಬಕೆಟ್ ಕೇಳುವುದನ್ನು ಬಿಟ್ಟು ತೊಟ್ಟಿಯ ಪಕ್ಕ ಹೋಗಿ ನಿಂತೆ.

ದೊಡ್ಡ ಡಾಕ್ಟರು ತಡವಾಗಿ ಬಂದರು. ಬಂದವರು ಹಲ್ಲಿನ ಆರೋಗ್ಯದ ಮೇಲೆ ಭಾಷಣ ಮಾಡಿದರು. ಯಾರೋ ಮಗುವನ್ನು ಎತ್ತಿ ತೋರಿಸಿ, "ನೋಡು ಪುಟ್ಟಾ, ಮೀನು ಹಾಡ್ತಿದೆ," ಎಂದರು, ಎಲ್ಲರೂ ನಕ್ಕರು. ಆಮೇಲೆ ಫೋಟೋ. ನನ್ನನ್ನೂ ಎಳೆದು ನಿಲ್ಲಿಸಿದರು. ಆ ಫೋಟೋ ಈಗ ಕ್ಲಿನಿಕ್ಕಿನ ಗೋಡೆಯ ಮೇಲಿದೆ. ನನ್ನ ಹೆಗಲ ಹಿಂದೆ ಯಜಮಾನಿ ಬಾಯಿ ತೆರೆದುಕೊಂಡಿದ್ದಾಳೆ.

ಮುಕ್ಕಾಲು ಗಂಟೆಯಾದ ಮೇಲೆ ಬಲೆ ಹಾಕಿದೆ. ಚಿಕ್ಕದು ತಪ್ಪಿಸಿಕೊಂಡು ಓಡಾಡಿತು. ಯಜಮಾನಿ ಓಡಲೂ ಇಲ್ಲ. ಎರಡು ಬೀದಿ ದಾಟುವಷ್ಟರಲ್ಲಿ ಬಕೆಟ್ಟಿನಲ್ಲಿ ಮಗುಚಿಕೊಂಡಳು.

"ವಯಸ್ಸಾಗಿತ್ತು ಬಿಡಕ್ಕಾ," ಎಂದ ತಮ್ಮ ಸಂಜೆ ಫೋನಿನಲ್ಲಿ. "ಹದಿನಾಲ್ಕು ವರ್ಷ ಏನು ಕಮ್ಮಿನಾ?"

ನಾನು ಹೇಳಿದ್ದು ಅವನ ತಲೆಗೆ ಹತ್ತಿರಲಿಲ್ಲ, ನನಗೆ ಎಲ್ಲ ಗೊತ್ತಿತ್ತು. ನನ್ನ ಮೇಲೇ ನನಗೆ ಅಸಹ್ಯವಾಯಿತು.

ಅಮ್ಮ ಹೇಳಿದಳೆಂದು ಅವನ ತೊಟ್ಟಿಯನ್ನು ಬರಿದು ಮಾಡಿ ಮೊದಲಿಂದ ಕಟ್ಟಿದೆ. ಹೌದು, ಅದನ್ನೂ ಮಾಡಿದೆ. ಮತ್ತೆ ಕಂದು ಧೂಳು, ಮತ್ತೆ ಹಸಿರು ಕೂದಲು. ಪ್ರತಿ ಬುಧವಾರ ಹೋಗಿ ಕಿತ್ತು ಬಂದೆ. ಈ ಸಲ ಅವನು ಮುಟ್ಟಲಿಲ್ಲ. ಎಂಟು ವಾರಕ್ಕೆ ಪಾಚಿ ತಾನಾಗಿ ಸೋತಿತು, ಆರೋಗ್ಯದ ಗುರುತಾಗಿ ಕಲ್ಲಿಗೆ ನೇರಳೆ ಬಣ್ಣ ಹತ್ತಿತು, ನೀರಿನ ಪರೀಕ್ಷೆಯಲ್ಲಿ ವಿಷದ ಸುಳಿವಿರಲಿಲ್ಲ.

"ಅಕ್ಕಾ, ನೀನು ಹೇಳಿದ ಹಾಗೇ ಎಂಟು ವಾರ ಕಾದೆ," ಎಂದು ಫೋನ್ ಮಾಡಿದ. "ಅಪ್ಪಂದು ಇನ್ನೊಂದಿದೆಯಲ್ಲ, ತಂದು ಬಿಡು."

ಬದುಕುಳಿದ ಚಿಕ್ಕದು ಅಂಗಡಿಯ ತೊಟ್ಟಿಯಲ್ಲಿ ಗಾಜಿನ ಹತ್ತಿರ ಬಂದು ನಿಂತಿತ್ತು. ಈ ಜಾತಿಯಲ್ಲಿ ಹೆಣ್ಣು ಸತ್ತರೆ ಗಂಡೇ ಬೆಳೆದು ಹೆಣ್ಣಾಗುತ್ತದೆ. ಆಗಲೇ ಮೈ ತುಂಬಿಕೊಳ್ಳುತ್ತಿತ್ತು. ಹಿಂದಿನ ದಿನ ಮೊದಲ ಸಲ ನನ್ನ ಬೆರಳು ಕಚ್ಚಿತ್ತು.

"ಇದೆ," ಎಂದೆ. "ನಿನಗೆ ಕೊಡಲ್ಲ."

"ಏನಕ್ಕಾ ನೀನು, ಒಂದು ಮೀನಿಗೋಸ್ಕರ..."

ಫೋನ್ ಇಟ್ಟೆ. ಇಷ್ಟೇ ಮಾತು. ಅವನು ಮೊದಲ ಸಲ ಕೇಳಿದ ದಿನವೇ ಇದು ನನ್ನ ಬಾಯಿಂದ ಬಂದಿದ್ದರೆ ಯಜಮಾನಿ ಬದುಕಿರುತ್ತಿದ್ದಳು.